ಸ್ಪ್ಯಾಮ್‌ಹೌಸ್ ಝೆನ್: ಪಟ್ಟಿ ಗಟ್ಟಿ, ಷರತ್ತು ಬಿಗಿ

ಸ್ವಂತ ಮೇಲ್ ಸರ್ವರ್ ನಡೆಸುವವರು ಒಂದೇ ಒಂದು ಕಪ್ಪುಪಟ್ಟಿ (ಮೇಲ್ ತೆಗೆದುಕೊಳ್ಳಬಾರದ ಐಪಿ ವಿಳಾಸಗಳ ಪಟ್ಟಿ) ಬಳಸುವುದಾದರೆ ಅದು ಸ್ಪ್ಯಾಮ್‌ಹೌಸ್‌ನ ಝೆನ್ ಆಗಿರಲಿ. 1998ರಲ್ಲಿ ಸ್ಟೀವ್ ಲಿನ್‌ಫರ್ಡ್ ಲಂಡನ್ನಿನಲ್ಲಿ ಶುರು ಮಾಡಿದ ಈ ಸಂಸ್ಥೆಯ ಪಟ್ಟಿಯಲ್ಲಿ ತಪ್ಪು ಹೆಸರು ಸೇರುವುದು ಅಪರೂಪ. ಹೆಸರು ತೆಗೆಯಲು ದುಡ್ಡು ಕೇಳುವ ಅಭ್ಯಾಸವೂ ಇದಕ್ಕಿಲ್ಲ. ಆದರೆ ಕೂಡಿಸುವಾಗ ಒಂದು ಸಾಲು ಎಡವಟ್ಟಾದರೂ ಸಾಕು, ನಿಮಗೆ ಬರಬೇಕಾದ ಮೇಲ್ ಒಂದೂ ಬಾರದ ಸ್ಥಿತಿ ಬಂದೀತು.

ಕೆಲಸ ನಡೆಯುವ ಬಗೆ ಸರಳ. 203.0.113.25 ಎಂಬ ಐಪಿಯಿಂದ ಮೇಲ್ ಬಂತು ಅಂದುಕೊಳ್ಳಿ. ಪಡೆಯುವ ಸರ್ವರ್ ಆ ಅಂಕಿಗಳನ್ನು ಹಿಂದುಮುಂದು ಮಾಡಿ, 25.113.0.203ರ ಕೊನೆಗೆ ಝೆನ್‌ನ ವಿಳಾಸ ಸೇರಿಸಿ ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಕೇಳುತ್ತದೆ. 'ಅಂಥ ಹೆಸರೇ ಇಲ್ಲ' ಎಂದು ಬಂದರೆ ಐಪಿ ಪಟ್ಟಿಯಲ್ಲಿಲ್ಲ. ಝೆನ್ ಒಳಗೆ ಹಲವು ಪಟ್ಟಿಗಳಿವೆ: 127.0.0.2 ಬಂದರೆ ಎಸ್‌ಬಿಎಲ್ (ಗೊತ್ತಿರುವ ಸ್ಪ್ಯಾಮ್ ಮೂಲಗಳು), ಕೊನೆಯಲ್ಲಿ 3 ಬಂದರೆ ಸಿಎಸ್‌ಎಸ್ (ತಾನಾಗಿ ಪತ್ತೆಯಾದ ಸ್ಪ್ಯಾಮ್ ಮೂಲಗಳು), 4 ಬಂದರೆ ಎಕ್ಸ್‌ಬಿಎಲ್ (ವೈರಸ್ ಹೊಕ್ಕ ಯಂತ್ರಗಳು), 10 ಅಥವಾ 11 ಬಂದರೆ ಪಿಬಿಎಲ್ (ನೇರವಾಗಿ ಮೇಲ್ ಕಳಿಸಬಾರದ ಐಪಿಗಳು). ಮೇಲ್ ತಡೆಯುವುದು ಸ್ಪ್ಯಾಮ್‌ಹೌಸ್ ಅಲ್ಲ, ಆ ಉತ್ತರ ನೋಡಿ 554 5.7.1 ಎಂದು ಬಾಗಿಲು ಹಾಕುವ ಎದುರಿನ ಸರ್ವರ್. ಮೇಲ್ ಬೌನ್ಸ್ ಆಗಿ ವಾಪಸ್ ಬಂದವರು ಬೈಯುವುದು ಮಾತ್ರ ಸ್ಪ್ಯಾಮ್‌ಹೌಸನ್ನೇ.

ಎಡವಟ್ಟು ಎಂದೆವಲ್ಲ, ಅದು ಹೀಗೆ. ಸರ್ವರ್‌ನ ಡಿಎನ್‌ಎಸ್ ಜಾಗದಲ್ಲಿ ಅನೇಕರು ಕಣ್ಣುಮುಚ್ಚಿ 8.8.8.8 ಅಥವಾ 1.1.1.1 ಬರೆದಿರುತ್ತಾರೆ. ಇಂಥ ಸಾರ್ವಜನಿಕ ರಿಸಾಲ್ವರ್ (ನಮ್ಮ ಪರವಾಗಿ ಡಿಎನ್‌ಎಸ್ ಕೇಳಿಕೊಡುವ ಸರ್ವರ್) ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಎಂಬ ದೋಷದ ಸಂಕೇತ ಕಳಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ಬರೀ ಪಟ್ಟಿಯ ಹೆಸರು ಕೊಟ್ಟಿದ್ದರೆ ಅದು ಯಾವ ಉತ್ತರ ಬಂದರೂ 'ಪಟ್ಟಿಯಲ್ಲಿದೆ' ಎಂದೇ ತಿಳಿಯುತ್ತದೆ. ಅಲ್ಲಿಗೆ ಬ್ಯಾಂಕಿನ ಮೇಲ್ ಕೂಡ ಬಾರದು, ಗ್ರಾಹಕರ ಮೇಲ್ ಕೂಡ ಬಾರದು. ಮದ್ದು ಎರಡು, ಎರಡೂ ಬೇಕು. ಮೊದಲನೆಯದು, ಅದೇ ಯಂತ್ರದಲ್ಲಿ ಅನ್‌ಬೌಂಡ್ ಎಂಬ ಸ್ವಂತ ರಿಸಾಲ್ವರ್ ಹಾಕಿ, ಬೇರೆಲ್ಲಿಗೂ ಫಾರ್ವರ್ಡ್ ಮಾಡದೆ ನೇರವಾಗಿ ಕೇಳಿಸುವುದು. ಅದು ಆಗದಿದ್ದರೆ ಹೆಸರು ನೋಂದಾಯಿಸಿ ಸ್ಪ್ಯಾಮ್‌ಹೌಸ್‌ನಿಂದ ಉಚಿತ ಡಿಕ್ಯುಎಸ್ ಕೀ (ಪಟ್ಟಿಯನ್ನು ಕೇಳಲು ನಿಮ್ಮದೇ ಗುರುತಿನ ಸಂಕೇತ) ಪಡೆಯಬಹುದು. ಎರಡನೆಯದು, ಪಟ್ಟಿಯ ಹೆಸರಿನ ಪಕ್ಕದಲ್ಲೇ 127.0.0.2ರಿಂದ 127.0.0.11ರವರೆಗಿನ ಉತ್ತರಕ್ಕೆ ಮಾತ್ರ ತಡೆ ಎಂದು ಬರೆಯುವುದು. ಆಮೇಲೆ 127.0.0.2 ಎಂಬ ಐಪಿಯನ್ನೇ ತಿರುಗಿಸಿ ಕೇಳಿ ನೋಡಿ. ಅದು ಪರೀಕ್ಷೆಗೆಂದೇ ಸದಾ ಪಟ್ಟಿಯಲ್ಲಿರುತ್ತದೆ. 127.0.0.1 ಯಾವತ್ತೂ ಇರಬಾರದು.

ಇನ್ನೊಂದು ಸಾಮಾನ್ಯ ತಪ್ಪು ಪಿಬಿಎಲ್‌ನದು. ಮನೆ, ಸಣ್ಣ ಆಫೀಸುಗಳ ಬ್ರಾಡ್‌ಬ್ಯಾಂಡ್ ಐಪಿಗಳು ಅದರಲ್ಲಿ ಇರುವುದೇ ಸರಿ. ಅಂಥ ಜಾಗದಿಂದ ನೇರವಾಗಿ 25ನೇ ಪೋರ್ಟಿಗೆ (ಸರ್ವರ್‌ಗಳು ಪರಸ್ಪರ ಮೇಲ್ ಕೊಡುವ ದಾರಿ) ಮೇಲ್ ಬರಬಾರದು ಎಂಬುದಷ್ಟೇ ಅದರ ಅರ್ಥ, ಯಾರ ಮೇಲೂ ಆರೋಪ ಅಲ್ಲ. ಹುಬ್ಬಳ್ಳಿಯ ಅಂಗಡಿಯವರು ಪಾಸ್‌ವರ್ಡ್ ಕೊಟ್ಟು 587ನೇ ಪೋರ್ಟಿನಲ್ಲಿ ಲಾಗಿನ್ ಆಗಿ ಕಳಿಸಿದರೆ ಪಿಬಿಎಲ್ ಅಡ್ಡ ಬರಕೂಡದು. ಬಂದರೆ, ನಿಮ್ಮ ಸರ್ವರ್‌ನಲ್ಲಿ ಲಾಗಿನ್ ಆದವರನ್ನು ಒಳಬಿಡುವ ಸಾಲು ಕಪ್ಪುಪಟ್ಟಿಯ ಸಾಲಿಗಿಂತ ಕೆಳಗಿದೆ ಎಂದರ್ಥ. ಅದನ್ನು ಮೇಲಕ್ಕೆ ತನ್ನಿ.

ಇನ್ನು ನೀವೇ ಪಟ್ಟಿಗೆ ಸಿಕ್ಕಿಬಿದ್ದರೆ? ಸ್ಪ್ಯಾಮ್‌ಹೌಸ್ ತಾಣದ ಪರಿಶೀಲನಾ ಪುಟದಲ್ಲಿ ಐಪಿ ಹಾಕಿ, ಯಾವ ಪಟ್ಟಿ ಎಂದು ಮೊದಲು ನೋಡಿ. ಮುಂದಿನ ಕೆಲಸವೆಲ್ಲ ಅದರ ಮೇಲೆ. ಎಸ್‌ಬಿಎಲ್ ಆದರೆ ನೀವು ಬರೆದ ಅರ್ಜಿ ನಡೆಯುವುದಿಲ್ಲ, ಐಪಿ ಕೊಟ್ಟ ಕಂಪನಿಯ ದುರ್ಬಳಕೆಯ ದೂರು ನೋಡುವ ಅಬ್ಯೂಸ್ ವಿಭಾಗವೇ ಬರೆಯಬೇಕು. ಪಿಬಿಎಲ್‌ನಿಂದ ಸ್ಥಿರ ಐಪಿಯನ್ನು ನೀವೇ ತೆಗೆಸಬಹುದು. ಅದಕ್ಕೆ ಮೊದಲು ರಿವರ್ಸ್ ಡಿಎನ್‌ಎಸ್ (ಐಪಿಗೆ ಹೆಸರು ಹೇಳುವ ದಾಖಲೆ) ನಿಮ್ಮ ಸರ್ವರ್ ಹೆಸರನ್ನೇ ತೋರಿಸುವಂತೆ ಮಾಡಿಸಿಕೊಳ್ಳಿ.

ಗೋಳು ಕೊಡುವುದು ಎಕ್ಸ್‌ಬಿಎಲ್. ಮೇಲ್ ಸರ್ವರ್ ಶುದ್ಧವಾಗಿದ್ದರೂ, ಅದೇ ಐಪಿಯ ಹಿಂದಿರುವ ವೈಫೈನಲ್ಲಿ ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸೋ ವೈರಸ್ ಹೊಕ್ಕ ಲ್ಯಾಪ್‌ಟಾಪೋ ಇದ್ದರೆ ಇಡೀ ಆಫೀಸು ಸಿಕ್ಕಿಬೀಳುತ್ತದೆ. ಪುಟದಲ್ಲಿ ಕೊನೆಯ ಬಾರಿ ಕಂಡ ಸಮಯ ಯುಟಿಸಿಯಲ್ಲಿ ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿ, ಫೈರ್‌ವಾಲ್ ಲಾಗ್‌ನಲ್ಲಿ ಆ ಹೊತ್ತಿಗೆ ಹೊರಗೆ ಹೋದ ಸಂಪರ್ಕಗಳನ್ನು ಹುಡುಕಿ. ಹೊರಹೋಗುವ 25ನೇ ಪೋರ್ಟನ್ನು ಮೇಲ್ ಸರ್ವರ್‌ಗೆ ಬಿಟ್ಟು ಉಳಿದೆಲ್ಲಕ್ಕೂ ಮುಚ್ಚಿ. ಅತಿಥಿಗಳ ವೈಫೈಗೆ ಬೇರೆ ಐಪಿ ಕೊಡಿ. ರೋಗ ಹಾಗೇ ಇಟ್ಟುಕೊಂಡು ಹೆಸರು ತೆಗೆಸಿದರೆ ಮತ್ತೆ ಸೇರುತ್ತದೆ, ಹಾಗೆ ಪದೇ ಪದೇ ಮಾಡಿದರೆ ತೆಗೆಸುವುದೂ ಕಷ್ಟವಾಗುತ್ತದೆ.

ಸಿಎಸ್‌ಎಸ್‌ಗೆ ಸಿಕ್ಕಿದರೆ ಯಾರದ್ದಾದರೂ ಪಾಸ್‌ವರ್ಡ್ ಕದ್ದುಹೋಗಿದೆಯೇ ನೋಡಿ. ಲಾಗ್‌ನಲ್ಲಿ ಯಾವ ಬಳಕೆದಾರರ ಹೆಸರಿನಲ್ಲಿ ಎಷ್ಟು ಮೇಲ್ ಹೋಗಿದೆ ಎಂದು ಎಣಿಸಿದರೆ ಕಳ್ಳ ಅಲ್ಲೇ ಸಿಗುತ್ತಾನೆ. ಐಪಿವಿ6ನಲ್ಲಿ (ಉದ್ದ ವಿಳಾಸಗಳ ಹೊಸ ಐಪಿ) ಸಿಎಸ್‌ಎಸ್ ಒಂದೊಂದು ವಿಳಾಸವನ್ನಲ್ಲ, /64 ಎಂಬ ವಿಳಾಸಗಳ ಇಡೀ ಗುಂಪನ್ನೇ ಸೇರಿಸುತ್ತದೆ. ಅಗ್ಗದ ವಿಪಿಎಸ್‌ಗಳಲ್ಲಿ (ಬಾಡಿಗೆ ಸರ್ವರ್‌ಗಳು) ಆ ಗುಂಪನ್ನು ಹಲವರಿಗೆ ಹಂಚಿರುತ್ತಾರೆ, ಪಕ್ಕದವರ ಪಾಪ ನಿಮಗೆ ತಗಲುತ್ತದೆ. ಪೂರ್ತಿ /64 ಕೇಳಿ ಪಡೆಯಿರಿ, ಕೊಡದಿದ್ದರೆ ಹೊರಹೋಗುವ ಮೇಲ್ ಐಪಿವಿ4ನಲ್ಲೇ ಹೋಗಲಿ.

ಹತ್ತಾರು ಪಟ್ಟಿಗಳನ್ನು ಒಟ್ಟಿಗೆ ಹುಡುಕುವ ತಾಣಗಳಲ್ಲಿ ಒಂದೆರಡು ಕೆಂಪು ಕಂಡರೆ ಗಾಬರಿ ಬೇಡ. ಸ್ಪ್ಯಾಮ್‌ಕಾಪ್‌ನಲ್ಲಿ ದೂರು ನಿಂತ 24 ಗಂಟೆಗೆ ಹೆಸರು ತಾನಾಗಿ ಬಿದ್ದುಹೋಗುತ್ತದೆ. ಸಾರ್ಬ್ಸ್ 2024ರ ಜೂನ್‌ನಲ್ಲಿ ಮುಚ್ಚಿದೆ, ಅದನ್ನು ಇನ್ನೂ ಕೇಳುತ್ತಿರುವ ಸರ್ವರ್‌ಗಳಿಂದ ಆ ಸಾಲು ಅಳಿಸಬೇಕು. ಯುಸಿಇಪ್ರೊಟೆಕ್ಟ್‌ನ ಮೂರನೇ ಹಂತ ಇಡೀ ಜಾಲವನ್ನೇ ಸೇರಿಸಿಬಿಡುತ್ತದೆ, ಬೇಗ ತೆಗೆಯಲು ಹಣವನ್ನೂ ಕೇಳುತ್ತದೆ. ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ ಎಂಬುದು ನಮ್ಮ ಸಲಹೆ.

ಝೆನ್ ಪಟ್ಟಿಯಲ್ಲಿ ಹೆಸರಿಲ್ಲ, ಆದರೂ ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬೀಳುತ್ತಿದೆ ಎಂದರೆ ಇಲ್ಲಿ ತಡಕಾಡಿ ಫಲವಿಲ್ಲ. ಗೂಗಲ್ ಇಟ್ಟುಕೊಂಡಿರುವ ಲೆಕ್ಕ ಬೇರೆ. ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಸರಿಮಾಡಿ, ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3 ಮುಟ್ಟದಂತೆ ನೋಡಿಕೊಳ್ಳಿ.

ಝೆನ್ ಉಚಿತವಾಗಿ ಸಿಗುವುದು ವಾಣಿಜ್ಯೇತರ ಬಳಕೆಗೆ, ಅದೂ ದಿನಕ್ಕೆ 1 ಲಕ್ಷ ಎಸ್‌ಎಂಟಿಪಿ (ಮೇಲ್ ಸಾಗಿಸುವ) ಸಂಪರ್ಕ ಮತ್ತು 3 ಲಕ್ಷ ಪ್ರಶ್ನೆಗಳ ಒಳಗಿದ್ದರೆ. ಮಿತಿ ದಾಟಿದರೆ 127.255.255.255 ಬರಲು ಶುರುವಾಗುತ್ತದೆ. ಹತ್ತಾರು ಗ್ರಾಹಕರ ಮೇಲ್ ನೋಡಿಕೊಳ್ಳುವ ಹೋಸ್ಟಿಂಗ್ ಕಂಪನಿಗಳು ಚಂದಾ ಕಟ್ಟಿಯೇ ಬಳಸಬೇಕು.