20 ಸಾಕಾ, 500 ಬೇಕಾ? ಬ್ರೆಡ್ ವ್ಯಾನಿಗೆ ದಾರಿ ಹುಡುಕಿದ್ದು

ಮಂಗಳೂರಿನ ಬಿಜೈಯಲ್ಲಿ ನನ್ನ ಮಾವನ ಬೇಕರಿ ಇದೆ. ದಿನಾ ಬೆಳಗ್ಗೆ ಒಂದು ವ್ಯಾನ್ ಸುರತ್ಕಲ್‌ನಿಂದ ತೊಕ್ಕೊಟ್ಟಿನವರೆಗೆ 34 ಅಂಗಡಿಗಳಿಗೆ ಬ್ರೆಡ್ಡು, ಬನ್ನು ಹಾಕಿ ಬರುತ್ತದೆ. ಯಾವ ಅಂಗಡಿ ಮೊದಲು, ಯಾವುದು ಆಮೇಲೆ? ಇದನ್ನು ಜೆನೆಟಿಕ್ ಅಲ್ಗಾರಿದಮ್‌ಗೆ ಕೊಟ್ಟು ನೋಡಿದೆ. ಒಂದಷ್ಟು ದಾರಿಗಳಿಂದ ಶುರು ಮಾಡಿ, ಒಳ್ಳೆಯವನ್ನು ಆರಿಸಿ ಬೆರೆಸಿ, ತಲೆಮಾರಿನಿಂದ ತಲೆಮಾರಿಗೆ ಸುಧಾರಿಸುತ್ತಾ ಹೋಗುವ ವಿಧಾನ ಅದು. ಕೋಡ್ ಬರೆಯಲು ಒಂದು ಸಂಜೆ ಸಾಕಾಯಿತು. ಶುರುವಿನ ಪಾಪ್ಯುಲೇಷನ್, ಅಂದರೆ ಒಂದು ಸಲಕ್ಕೆ ಇಟ್ಟುಕೊಳ್ಳುವ ದಾರಿಗಳು, ಎಷ್ಟಿರಬೇಕು ಅಂತ ನೋಡುವುದರಲ್ಲೇ ಒಂದು ವಾರ ಹೋಯಿತು.

ಈ ವಿಧಾನದ ಹಳೆಯ ಸಂಶೋಧಕರಲ್ಲೂ ಒಂದೇ ಮಾತಿಲ್ಲ. ಡಿ ಜಾಂಗ್ 1975ರಲ್ಲಿ 50ರಿಂದ 100 ಅಂದರು, ಗ್ರೆಫೆನ್‌ಸ್ಟೆಟ್ 1986ರಲ್ಲಿ 30ಕ್ಕೆ ಇಳಿಸಿದರು. ಇಬ್ಬರೂ ನೋಡಿದ್ದು ಗಣಿತದ ಫಂಕ್ಷನ್‌ಗಳನ್ನು, ಬ್ರೆಡ್ ವ್ಯಾನನ್ನಲ್ಲ. ಹಾಗಾಗಿ ನಾನು 20, 100, 500 ಮೂರನ್ನೂ ಓಡಿಸಿದೆ.

ಮೊದಲ ದಿನ ಒಂದು ದಡ್ಡತನ ಮಾಡಿದೆ. ಮೂರಕ್ಕೂ 300 ಜನರೇಷನ್ (ತಲೆಮಾರು) ಕೊಟ್ಟೆ. 500 ಗೆದ್ದಿತು. ಗೆಲ್ಲದೆ ಇನ್ನೇನು? 20 ನೋಡಿದ್ದು 6,000 ದಾರಿ, 500 ನೋಡಿದ್ದು ಒಂದೂವರೆ ಲಕ್ಷ! ಮರುದಿನ ಎಲ್ಲಕ್ಕೂ 50,000 ದಾರಿ ಅಂತ ಮಿತಿ ಹಾಕಿದೆ. 20ಕ್ಕೆ 2,500 ಜನರೇಷನ್, 100ಕ್ಕೆ 500, 500ಕ್ಕೆ ಬರೀ 100. ಪ್ರತಿಯೊಂದನ್ನೂ ಹತ್ತು ಸಲ ಓಡಿಸಿದೆ.

20 ಶುರುವಿನಲ್ಲಿ ಭಾರೀ ಚುರುಕು, ಆಮೇಲೆ ನಿಂತೇ ಬಿಡುತ್ತದೆ. ಒಮ್ಮೆ ಪ್ರಿಂಟ್ ಮಾಡಿ ನೋಡಿದರೆ 20ರಲ್ಲಿ 17 ದಾರಿ ಒಂದೇ. ವ್ಯಾನ್ ತೊಕ್ಕೊಟ್ಟಿನ ಮೂರು ಅಂಗಡಿ ಮುಗಿಸಿ, ನೇತ್ರಾವತಿ ಸೇತುವೆ ದಾಟಿ ಕಂಕನಾಡಿಗೆ ಬಂದು, ಉಳಿದ ಒಂದೇ ಅಂಗಡಿಗೆ ಮತ್ತೆ ಸೇತುವೆ ದಾಟುತ್ತದೆ. "ಇದಕ್ಕೆ ಎಂತ ಕಂಪ್ಯೂಟರ್ ಮಾರಾಯಾ, ನಮ್ಮ ಡ್ರೈವರೇ ಹುಷಾರು" ಅಂದರು ಮಾವ. ಅವರು ಹೇಳಿದ್ದು ಸರಿಯೇ. ನನ್ನ ಮ್ಯುಟೇಷನ್, ಅಂದರೆ ದಾರಿಯಲ್ಲಿ ಮಾಡುವ ಸಣ್ಣ ಬದಲಾವಣೆ, ಎರಡು ಅಂಗಡಿಗಳನ್ನು ಅದಲುಬದಲು ಮಾಡುತ್ತದೆ ಅಷ್ಟೆ. ಆ ಒಂಟಿ ಅಂಗಡಿ ತನ್ನ ಸಾಲಿಗೆ ಬರಬೇಕಾದರೆ ಸರಿಯಾದ ಅಂಗಡಿಯ ಜೊತೆಗೇ ಅದಲುಬದಲಾಗಬೇಕು, ಹೆಚ್ಚಿನ ಅದಲುಬದಲಿಗೆ ದಾರಿ ಇನ್ನೂ ಉದ್ದ. ಎರಡು ದಾರಿ ಬೆರೆಸಿ ಹೊಸದು ಮಾಡುವ ಕ್ರಾಸ್‌ಓವರ್ ಕೇಳಲೇಬೇಡಿ. ಅಪ್ಪ ಅಮ್ಮ ಒಂದೇ ಥರ ಇದ್ದರೆ ಮಗು ಬೇರೆ ಹೇಗಿರುತ್ತದೆ?

500ರದ್ದು ಉಲ್ಟಾ. ತುಂಡು ತುಂಡಾಗಿ ಒಳ್ಳೆಯ ದಾರಿಗಳಿವೆ, ಆದರೆ ಜೋಡಿಸಲು ಸಮಯ ಸಾಲುವುದಿಲ್ಲ. ಕದ್ರಿ, ದೂರದ ಕೂಳೂರು, ಮತ್ತೆ ಕದ್ರಿಯ ಪಕ್ಕದ ಬಿಜೈ!

100ರಲ್ಲಿ ಹತ್ತಕ್ಕೆ ಏಳು ಸಲ ವ್ಯಾನ್ ಸೇತುವೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮಾತ್ರ ದಾಟಿತು. ನನ್ನ ಓಟು ಇದಕ್ಕೇ.

ಆದರೆ 20ಕ್ಕೆ ನಾನು ಸ್ವಲ್ಪ ಅನ್ಯಾಯ ಮಾಡಿದ್ದೆ. ಟೂರ್ನಮೆಂಟ್ ಸೈಜ್ 5 ಇಟ್ಟಿದ್ದೆ, ಅಂದರೆ ಪ್ರತಿ ಸಲ ಐದು ದಾರಿ ಎತ್ತಿ ಅವುಗಳಲ್ಲಿ ಒಳ್ಳೆಯದನ್ನು ಆರಿಸುವುದು. 20ರಲ್ಲಿ 5 ಅಂದರೆ ನಾಲ್ಕು ಆಯ್ಕೆಯಲ್ಲಿ ಒಂದು ಸಲ ಅದೇ ಮೊದಲ ನಂಬರಿನ ದಾರಿಯೇ ಗೆಲ್ಲುತ್ತದೆ. 2ಕ್ಕೆ ಇಳಿಸಿದ ಮೇಲೆ ಎಷ್ಟೋ ವಾಸಿಯಾಯಿತು, ಆದರೂ 100ರ ಹತ್ತಿರ ಬರಲಿಲ್ಲ. ಹತ್ತಿರದ ಅಂಗಡಿಗೆ ಮೊದಲು ಹೋಗುವ ದಾರಿಗಳನ್ನು ಶುರುವಿನಲ್ಲೇ ಸೇರಿಸಿಯೂ ನೋಡಿದೆ. ನೂರರಲ್ಲಿ ಐದು ಸೇರಿಸಿದರೆ ಲಾಭ, ಐವತ್ತು ಸೇರಿಸಿದರೆ ಮತ್ತೆ 20ರ ಕಾಯಿಲೆಯೇ.

ಮುಂದಿನ ತಿಂಗಳು ಅಂಗಡಿಗಳು 60 ಆಗುತ್ತವಂತೆ. ಸುಮ್ನೆ 100ನ್ನೇ ನಂಬಿ ಕೂರುವುದಿಲ್ಲ, ಈ ಸಲ 150ರಿಂದ ಶುರು ಮಾಡುತ್ತೇನೆ.