ಹೊಲದೊಳಗಿನ ಅಗ್ಗದ ಮನೆ ನೋಡಲು ಹೊರಟವರು ಇದನ್ನೊಮ್ಮೆ ಓದಿ

ಮೊನ್ನೆ ರವಿವಾರ ಕಲಬುರಗಿಯ ನಮ್ಮ ಕಾಲೊನಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಮುಂದೆ ಬೇವಿನ ಗಿಡ, ಹಿಂದೆ ಶಹಾಬಾದ್ ಕಲ್ಲಿನ 3 ಕೋಣೆಯ ಮನೆ, ನೀಲಿ ಬಾಗಿಲು. ಕೆಳಗೆ ಹೀಗೆ ಬರೆದಿತ್ತು: 'ಸೇಡಂ ರಸ್ತೆಯಿಂದ ಒಳಗೆ, 1 ಎಕರೆ ಹೊಲ, ಮನೆ, ಬಾವಿ ಸಮೇತ 18 ಲಕ್ಷ, ಪೇಪರ್ ಪೂರಾ ಕ್ಲಿಯರ್.'

ಆ ಬಾಗಿಲಿಗೆ ನೀಲಿ ಬಣ್ಣ ಹಚ್ಚಿದವನು ನಾನು. ಹೋದ ದೀಪಾವಳಿಗೆ, ನನ್ನ ಕೈಯಾರೆ. ಅದೇ ಮನೆಯನ್ನು ಹೋದ ವರ್ಷ ಇದೇ ಏಜೆಂಟ್ ನನಗೆ 16 ಲಕ್ಷಕ್ಕೆ ಮಾರಿದ್ದ. ಮಾರಿದ್ದ ಅಂತ ನಾನು ತಿಳಿದಿದ್ದೆ ಅನ್ನಬೇಕು.

ಇದನ್ನು ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆಫೀಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. 'ಫಾರ್ಮ್ ಹೌಸಿಗೆ ಯಾವಾಗ ಕರೀತೀರಿ ಸರ್' ಅಂತ ಕೇಳಿದಾಗಲೆಲ್ಲ ಬಿಸಿಲು ಇಳೀಲಿ ಅನ್ನುತ್ತೇನೆ. ಆದರೆ ಆ ಫೋಟೋ ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಹೌದು, ಪೇಪರ್ ನೋಡಿದ್ದೆ. ಪಹಣಿ ತೆಗೆಸಿದೆ, ಮ್ಯುಟೇಷನ್ (ಹೆಸರು ಬದಲಾವಣೆಯ ದಾಖಲೆ) ನೋಡಿದೆ, 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿದೆ. ಪಿಟಿಸಿಎಲ್ ಜಮೀನಾ ಅಂತ ಕೇಳಿ ಖಾತ್ರಿ ಮಾಡಿಕೊಂಡೆ, ಏಕೆಂದರೆ ಸರ್ಕಾರ ಎಸ್‌ಸಿ, ಎಸ್‌ಟಿಯವರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ ವರ್ಷಗಳಾದ ಮೇಲೂ ಬಿಟ್ಟುಕೊಡಬೇಕಾಗಬಹುದು, 2023ರ ತಿದ್ದುಪಡಿಯಲ್ಲಿ ಅದಕ್ಕೆ ಕಾಲಮಿತಿ ಇಲ್ಲ ಅಂತಲೇ ಬರೆದಿದ್ದಾರೆ. ಮಾರುವವನ ಅಕ್ಕತಂಗಿಯರ ಸಹಿ ಕೂಡ ಹಾಕಿಸಿದೆ, ನೋಡಿ. 2020ರಲ್ಲಿ ಕಾನೂನು ಬದಲಾದ ಮೇಲೆ ನಮ್ಮಂಥ ಹೊಲ ಇಲ್ಲದ ನೌಕರರೂ ಹೊಲ ಕೊಳ್ಳಬಹುದು, ಆ ತೊಂದರೆಯೂ ಇರಲಿಲ್ಲ. ಎಲ್ಲಾ ಸರಿ ಇತ್ತು. ಇವತ್ತಿಗೂ ಎಲ್ಲಾ ಸರಿಯೇ ಇದೆ. ಪಹಣಿಯಲ್ಲಿ ನನ್ನ ಹೆಸರು ಬಂದಿದೆ, 1 ಎಕರೆ 8 ಗುಂಟೆ. ಮನೆ ಮಾತ್ರ ಅದರಲ್ಲಿ ಇಲ್ಲ.

ನಾವು ನೋಡಲು ಹೋಗಿದ್ದು ಜುಲೈನಲ್ಲಿ. ಅದೇ ಮೊದಲ ತಪ್ಪು. ನಮ್ಮ ಕಡೆ ಜುಲೈನಲ್ಲಿ ಯಾವ ಹೊಲ ಚೆಂದ ಕಾಣುವುದಿಲ್ಲ ಹೇಳಿ? ತೊಗರಿ ಮೊಳಕೆ ಎದ್ದಿತ್ತು, ಬಾವಿಯಲ್ಲಿ ಕೈಗೆ ಸಿಗುವಷ್ಟು ನೀರು, ಬೇವಿನ ಕೆಳಗೆ ತಣ್ಣನೆ ಗಾಳಿ. 'ಪೂರ್ವಕ್ಕ ಬಾಗಿಲ ಅದ ಸರ, ವಾಸ್ತು ಹೇಳಿ ಮಾಡಿಸಿದಂಗ' ಅಂದ ಏಜೆಂಟ್. ಮಾರುವವರು 60 ದಾಟಿದ ಹಿರಿಯರು, ನಾನು ಕಾಕಾ ಅಂತಲೇ ಕರೆಯುತ್ತಿದ್ದೆ. ಅದೇ ಮನೆಯ ಕಟ್ಟೆಯ ಮೇಲೆ ಕೂರಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿದರು. ಉಂಡ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಕೇಳಿದೆ. ಕಾಕಾ ಕೂತಲ್ಲಿಂದಲೇ ಕೈ ತಿರುಗಿಸಿದರು. 'ಆ ಜಾಲಿ ಗಿಡದಿಂದ ಇತ್ತಾಗ ಎಲ್ಲಾ ನಮ್ಮದೇ ನೋಡ್ರಿ.' ನಮ್ಮದೇ ಅಂದರೆ ಅಣ್ಣತಮ್ಮಂದಿರ ಇಬ್ಬರದೂ ಸೇರಿ ಅಂತ ನನಗೆ ಹೇಗೆ ಹೊಳೆಯಬೇಕು?

ಆಗಸ್ಟ್ ಮೊದಲ ವಾರ ರಿಜಿಸ್ಟ್ರಿ. ಹಿಂದಿನ ದಿನ ಬಾಂಡ್ ರೈಟರ್ ಖರೀದಿ ಪತ್ರದ ಕರಡು ಓದಿ ಹೇಳಿದ. ಸರ್ವೆ ನಂಬರ್, ಹಿಸ್ಸಾ (ಪಾಲು) 2, ಖುಷ್ಕಿ (ಮಳೆಯಾಶ್ರಿತ) ಜಮೀನು, ಚೆಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಮಾರುವವರ ಅಣ್ಣನ ಹೊಲ. ನಮ್ಮ ಮನೆಯವರು ಪಕ್ಕದಲ್ಲೇ ಕೂತಿದ್ದರು. 'ಇದರಾಗ ಮನಿ ಎಲ್ಲಿ ಬರದಾರ?' ಅಂತ ಕೇಳಿದರು.

ಏಜೆಂಟ್ ನಕ್ಕ. 'ಅಕ್ಕಾರ, ಮನಿ ಅಂತ ಬರದ್ರ ಹೊಲ ಬಿಡಿಸಿ ಮನಿ ಜಾಗ ಮಾಡಿದ ಎನ್ಎ ಆರ್ಡರ್ ಎಲ್ಲಿ, ಗ್ರಾಮ ಪಂಚಾಯ್ತಿ ಖಾತಾ ಎಲ್ಲಿ ಅಂತ ಕೇಳ್ತಾರ, ಸುಮ್ನ ಖರ್ಚ. ಹೊಲ ನಿಮ್ಮದಾದ ಮ್ಯಾಲ ಹೊಲದಾಗಿನ ಮನಿ ಯಾರದರಿ?'

ನಾನು ಏನು ಮಾಡಿದೆ ಗೊತ್ತಾ? ಹೆಂಡತಿಗೆ 'ನಿನಗೆ ಇದೆಲ್ಲ ತಿಳಿಯಂಗಿಲ್ಲ, ಸುಮ್ನಿರು' ಅಂದೆ. ನಾಲ್ಕು ಜನರ ಮುಂದೆ. ಅವಳು ಆ ಮಾತನ್ನು ಈಗ ತಿರುಗಿ ಎತ್ತುವುದಿಲ್ಲ, ಎತ್ತಿದ್ದರೆ ಚೆನ್ನಾಗಿತ್ತು.

ಇನ್ನೊಂದು ದಡ್ಡತನವನ್ನೂ ಹೇಳುತ್ತೇನೆ, ಮರೆಮಾಚಿ ಏನು ಪ್ರಯೋಜನ. ಪತ್ರದಲ್ಲಿ 6 ಲಕ್ಷ ಬರೆಸಿದೆವು. ಉಳಿದ 10 ಲಕ್ಷ ನಗದು, ಆ ಕಟ್ಟೆಯ ಮೇಲೇ ಎಣಿಸಿ ಕೊಟ್ಟೆ. ಎಲ್ಲರೂ ಹೀಗೇ ಮಾಡುತ್ತಾರೆ ಅಂದರು, ನನಗೂ ಮುದ್ರಾಂಕ, ಫೀಸು ಸೇರಿ 65 ಸಾವಿರದ ಹತ್ತಿರ ಉಳಿಯಿತು ಅಂತ ಒಳಗೊಳಗೇ ಖುಷಿ. ಆಗಸ್ಟ್ 31ರಿಂದ ನೋಂದಣಿ ಫೀಸು 1 ಪರ್ಸೆಂಟಿನಿಂದ 2 ಪರ್ಸೆಂಟ್ ಆಯಿತಲ್ಲ, ಆವಾಗ ಏಜೆಂಟ್ ತಾನೇ ಫೋನ್ ಮಾಡಿದ. 'ನೋಡ್ರಿ ಸರ, ಗಡಿಬಿಡಿ ಮಾಡಿ ಎಷ್ಟ ಲಾಭ ಮಾಡಿಕೊಟ್ಟೀನಿ!' ನಾನು ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್!

ಸೆಪ್ಟೆಂಬರ್ ಮಳೆ ಬಂದಾಗ ಸಣ್ಣ ಸಣ್ಣ ತಾಪತ್ರಯ ಶುರುವಾದವು. ಎರೆ ಭೂಮಿ ಗೊತ್ತಲ್ಲ. ಡಾಂಬರು ರಸ್ತೆಯಿಂದ ಮನೆಗೆ ಅರ್ಧ ಕಿಲೋಮೀಟರ್ ಬಂಡಿ ದಾರಿ, ಕಾರಿನ ಚಕ್ರ ಪೂರಾ ಹೂತುಹೋಗಿ ಟ್ರ್ಯಾಕ್ಟರ್‌ನವನಿಗೆ ಸಾವಿರ ರೂಪಾಯಿ ಕೊಟ್ಟು ಎಳೆಸಿದೆ. ಕಾಗಿಣಾ ನದಿ ತುಂಬಿದರೆ ಮಳಖೇಡದ ಹತ್ತಿರ ರಸ್ತೆ ಬಂದ್ ಆಗುವುದು ಕಲಬುರಗಿಯಲ್ಲಿ ಯಾರಿಗೆ ಗೊತ್ತಿಲ್ಲ, ಆದರೂ ಕೊಳ್ಳುವಾಗ ಅದು ನೆನಪಿಗೆ ಬರಲಿಲ್ಲ. ಕರೆಂಟು ಊರಿನ ಲೈನಿನದಲ್ಲ, ಪಂಪ್‌ಸೆಟ್ಟಿನ ಲೈನಿನದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವುದೇ ದಿನಕ್ಕೆ 7 ತಾಸು, ಅದೂ ಒಮ್ಮೊಮ್ಮೆ ಮಧ್ಯರಾತ್ರಿ ಪಾಳಿ. ಫ್ರಿಜ್ಜಿನಲ್ಲಿಟ್ಟ ಹಾಲು ಒಡೆದಾಗ ಇದು ತಿಳಿಯಿತು. ಮಳೆ ನಿಂತು ಎರೆ ಒಣಗಿದ್ದೇ ತಡ ನೆಲದ ಪರಸಿ ಕಲ್ಲುಗಳ ನಡುವೆ ಬೆರಳು ಹೋಗುವಷ್ಟು ಬಿರುಕು. ಇದನ್ನೆಲ್ಲ ಹಳ್ಳಿ ಅಂದಮೇಲೆ ಇದ್ದದ್ದೇ ಅಂತ ಸಹಿಸಿಕೊಂಡೆ. ಬಣ್ಣ, ನೆಲ, ಛತ್ತು ಅಂತ 1 ಲಕ್ಷ 40 ಸಾವಿರ ಸುರಿದೆ.

ಚಳಿಗಾಲ ಮುಗಿಯುವಾಗ ತಂತಿ ಬೇಲಿ ಹಾಕಿಸೋಣ ಅಂತ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಲು ಅರ್ಜಿ ಕೊಟ್ಟೆ. ಬೇಲಿಗೋಸ್ಕರ, ಅಷ್ಟೇ. ಇಲ್ಲದಿದ್ದರೆ ಇವತ್ತಿಗೂ ನನಗೆ ಗೊತ್ತಾಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಸರ್ವೆಯವರು ಬಂದರು. ಅಕ್ಕಪಕ್ಕದ ಹೊಲದವರಿಗೆಲ್ಲ ನೋಟಿಸ್ ಹೋಗಿದ್ದರಿಂದ ಪಶ್ಚಿಮದ ಹೊಲದ ಹುಡುಗನೂ ಬಂದಿದ್ದ, ಕಾಕಾನ ಅಣ್ಣನ ಮಗ. ಸರ್ವೆಯವರು ಹಳ್ಳದ ದಂಡೆಯಲ್ಲಿ ಜಾಲಿ ಕಂಟಿ ಸರಿಸಿ ಹಳೆ ಬಾಂದು (ಗಡಿ) ಕಲ್ಲು ಹುಡುಕಿದರು. ಹಳೆ ಅಳತೆಯ ಟಿಪ್ಪಣಿ ಹಾಳೆ ಬಿಚ್ಚಿ, ಅಲ್ಲಿಂದ ಸರಪಳಿ ಎಳೆಯುತ್ತಾ ಪಶ್ಚಿಮಕ್ಕೆ ಬಂದರು. ಒಂದು ಸರಪಳಿಗೆ 33 ಅಡಿ. ನಾನೂ ಜೊತೆಗೆ ಎಣಿಸುತ್ತಾ ನಡೆದೆ, ಮಕ್ಕಳ ಹಾಗೆ. ಬೇವಿನ ಗಿಡ ಇನ್ನೂ ದೂರ ಇದ್ದಾಗಲೇ ಸಹಾಯಕ ನಿಂತುಬಿಟ್ಟ. ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟ. ನಾನು ನಡೆಯುತ್ತಲೇ ಇದ್ದೆ.

'ಸರ, ಎಲ್ಲಿ ಹೊಂಟ್ರಿ? ನಿಮ್ದು ಇಲ್ಲಿಗೇ ಮುಗೀತು.'

ತಮಾಷೆ ಅಂದುಕೊಂಡೆ. ಮತ್ತೊಮ್ಮೆ ಅಳೆಯಿರಿ ಅಂದೆ. ಪಾಪ, ಅವರು ಬೇಜಾರು ಮಾಡಿಕೊಳ್ಳದೆ ದಕ್ಷಿಣದ ಕಲ್ಲಿನಿಂದ ಮತ್ತೆ ಅಳೆದರು. ಕೋಲು ಅಲ್ಲಿಗೇ ಬಂತು. ಮನೆಯ ಮೆಟ್ಟಿಲಿನಿಂದ 24 ಅಡಿ ಈಚೆ. ಬಾವಿ ಅತ್ತ, ಬೇವು ಅತ್ತ, ಮನೆ ಅತ್ತ. ಸಂಜೆ 5 ಗಂಟೆ ಆಗಿತ್ತು, ಸಹಾಯಕ ನೆಲ ನೋಡಿ ಮೆಲ್ಲಗೆ ಅಂದ, 'ಮನಿ ನೆರಳ ಮಾತ್ರ ನಿಮ್ಮ ಹೊಲದಾಗ ಬಿದ್ದದರಿ ಸರ.'

ಆ ಹುಡುಗ ಕೆಟ್ಟವನಲ್ಲ, ನನ್ನನ್ನು ಕೂರಿಸಿ ನೀರು ಕೊಟ್ಟ. ನನ್ನದೇ ಚೊಂಬಿನಲ್ಲಿ! ಆಮೇಲೆ ಕಥೆ ಹೇಳಿದ. ಹಿಸ್ಸೆ ಆದಾಗ ಅಣ್ಣನಿಗೆ 1ನೇ ನಂಬರ್, ತಮ್ಮನಿಗೆ 2ನೇ ನಂಬರ್. ತಮ್ಮ ಮನೆ ಕಟ್ಟುವಾಗ ಹಳ್ಳದ ನೀರು ಬರುತ್ತದೆ ಅಂತ ಅಣ್ಣನ ಜಾಗದಲ್ಲಿ ಕಟ್ಟಿಕೊಂಡ, ಬದಲಿಗೆ ಅಣ್ಣ ಅಷ್ಟೇ ಜಾಗ ಈ ಕಡೆ ಉತ್ತುಕೊಂಡ. ಎಲ್ಲಾ ಬಾಯಿಮಾತು. ಅಣ್ಣ ತೀರಿಹೋದ. 'ಕಾಕಾ ತನ್ನ ಹೊಲ ಮಾರ್ಯಾನ ಅಂತ ಗೊತ್ತಿತ್ತರಿ, ಮನಿ ಮಾರ್ಯಾನ ಅಂತ ನಮಗ ಯಾರೂ ಹೇಳಿಲ್ಲ. ನೀವು ಬಾಡಿಗಿಗಿ ಇದ್ದೀರಿ ಅಂದ್ಕೊಂಡೀವಿ.'

ಅಲ್ಲೇ ನಿಂತು ಕಾಕಾಗೆ ಫೋನ್ ಹಚ್ಚಿದೆ. ಕೈ ನಡುಗುತ್ತಿತ್ತು. ಅವರ ಉತ್ತರ ಕೇಳಿ: 'ನಾ ಹೊಲ ಮಾರೀನ್ರಿ. ಮನಿ ಅಂತ ಪತ್ರದಾಗ ಎಲ್ಲಿ ಬರದೀನಿ? ತಗದ ಓದ್ರಿ. ನೀವು ಓದಿದ ಮಂದಿ, ನಾ ಹೆಬ್ಬಟ್ಟ ಒತ್ತವ.'

ಹೆಬ್ಬೆಟ್ಟಿನ ಮನುಷ್ಯನಿಗೆ ಪತ್ರದಲ್ಲಿ ಏನಿದೆ, ಏನಿಲ್ಲ ಅಂತ ಅಷ್ಟು ನಿಖರವಾಗಿ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

10 ಲಕ್ಷ ನಗದಿನ ಮಾತು ತೆಗೆದರೆ, 'ಯಾವ 10 ಲಕ್ಷ? 6 ಲಕ್ಷಕ್ಕ ಸಹಿ ಮಾಡೀರಿ, 6 ಲಕ್ಷದ ಹೊಲ ನಿಮ್ಮ ಹೆಸರಿಗೆ ಅದ.' ರೊಟ್ಟಿ ಹಾಕಿದ ಕೈ, ಅದೇ ಬಾಯಿ.

ಏಜೆಂಟ್ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ವಾಯ್ಸ್ ಮೆಸೇಜ್: 'ಸರ, ತೋರಸೋದು ನನ್ನ ಕೆಲಸ, ಅಳಿಯೋದು ನಿಮ್ಮ ಕೆಲಸ. ಟೆನ್ಶನ್ ತಗೋಬ್ಯಾಡ್ರಿ, ಹುಡುಗನ ಕೈಯಾಗ ಎರಡ ಲಕ್ಷ ಇಟ್ಟ ಮುಗಿಸಿಬಿಡ್ರಿ, ನಾ ಮಾತಾಡ್ತೀನಿ.' ಅಂದರೆ ಅದಕ್ಕೂ ಅವನಿಗೆ ಕಮಿಷನ್. ಹುಡುಗ ಕೇಳಿದ್ದು ಎರಡಲ್ಲ, ಏಳು. ಮಾರ್ಚ್‌ನಲ್ಲಿ ನನ್ನ ಕೀಲಿಯ ಮೇಲೆ ಅವನ ಕೀಲಿ ಬಿತ್ತು. ನನ್ನ ಹಾಸಿಗೆ, ಫ್ರಿಜ್, ಒಂದು ಚೊಂಬು ಇನ್ನೂ ಒಳಗಿವೆ.

ವಕೀಲರಿಗೆ ಪತ್ರ ತೋರಿಸಿದೆ. ಅವರು ಹೇಳಿದ್ದು ಕೇಳಿ ಹೊಟ್ಟೆ ಇನ್ನೂ ಉರಿಯಿತು. ಮನೆ ನಿಜವಾಗಿ ನನ್ನ ನಂಬರಿನಲ್ಲಿ ಇದ್ದಿದ್ದರೆ ಪತ್ರದಲ್ಲಿ ಬರೆಯದಿದ್ದರೂ ಜಮೀನಿನ ಜೊತೆ ನನಗೇ ಬರುತ್ತಿತ್ತಂತೆ. ಏಜೆಂಟ್ ಅಷ್ಟರಮಟ್ಟಿಗೆ ಸುಳ್ಳು ಹೇಳಿರಲಿಲ್ಲ! ಆದರೆ ಅಣ್ಣತಮ್ಮಂದಿರ ಬಾಯಿಮಾತಿನ ಅದಲುಬದಲು ಕಾನೂನಿನ ಮುಂದೆ ನಿಲ್ಲುವುದಿಲ್ಲ, 100 ರೂಪಾಯಿಗಿಂತ ಜಾಸ್ತಿ ಬೆಲೆಯ ಜಮೀನು ಅಂದರೆ ಅದಕ್ಕೂ ರಿಜಿಸ್ಟ್ರಿ ಬೇಕು. ಮನೆ ಅಂತ ಒಂದು ಸಾಲು ಬರೆಸಿದ್ದರೆ ಮೋಸದ ಕೇಸಿಗಾದರೂ ಒಂದು ಆಧಾರ ಇರುತ್ತಿತ್ತು ಅಂದರು. ಒಂದು ಸಾಲು. ನಮ್ಮ ಮನೆಯವರು ಕೇಳಿದ್ದು ಅದನ್ನೇ ತಾನೆ?

ಈಗ ನೀವು ಕೊಳ್ಳಲು ಹೊರಟಿದ್ದರೆ ನನ್ನದೊಂದು ಮಾತು. ಇಸಾರ (ಮುಂಗಡ) ಕೊಡುವ ಮೊದಲು ಹದ್ದುಬಸ್ತು ಮಾಡಿಸಲು ಮಾರುವವನಿಗೇ ಹೇಳಿ, ಖರ್ಚು ನಾನು ಕೊಡುತ್ತೇನೆ ಅನ್ನಿ. ಅದು ಬೇಡ, ಇದು ಬೇಡ ಅಂದನೋ, ರೊಟ್ಟಿ ತಿನ್ನದೆ ಎದ್ದು ಬನ್ನಿ. ಮನೆ, ಬಾವಿ, ದಾರಿ ಮೂರನ್ನೂ ಅಡಿ ಲೆಕ್ಕದಲ್ಲಿ ಪತ್ರದಲ್ಲಿ ಬರೆಸಿ. ದುಡ್ಡು ಪೂರಾ ಬ್ಯಾಂಕಿನಿಂದ. ಪಕ್ಕದ ಹೊಲದವನನ್ನು ಏಜೆಂಟ್ ಇಲ್ಲದಾಗ ಹೋಗಿ ಮಾತಾಡಿಸಿ, ನಾನು 6 ತಿಂಗಳು ಅವನ ಮನೆಯಲ್ಲೇ ಮಲಗಿ ಅವನನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ. ಮತ್ತೆ ಜುಲೈನಲ್ಲಿ ಹೋಗಬೇಡಿ, ಏಪ್ರಿಲ್‌ನಲ್ಲಿ ಹೋಗಿ. ಬಾವಿಯ ತಳ ಕಾಣುತ್ತದೆ.

ರವಿವಾರ ಆ ಫೋಟೋ ನೋಡಿದಾಗ ನಮ್ಮ ಮನೆಯವರು ಏನೂ ಮಾತಾಡದೆ ತಮ್ಮ ಫೋನಿನಿಂದ ಅದರಲ್ಲಿದ್ದ ನಂಬರಿಗೆ ಹಚ್ಚಿದರು. ಸ್ಪೀಕರ್ ಹಾಕಿದರು. ಅದೇ ದನಿ, ಅದೇ ಪೂರ್ವದ ಬಾಗಿಲು, ಅದೇ ವಾಸ್ತು. ಮನೆಯಲ್ಲಿ ಈಗ ಯಾರಾದರೂ ಇದ್ದಾರಾ ಅಂತ ಕೇಳಿದರು.

'ಯಾರೂ ಇಲ್ಲರಿ ಅಕ್ಕಾರ. ಮೊದಲ ಒಬ್ಬರು ಬಾಡಿಗಿಗಿ ಇದ್ರು, ಈಗ ಖಾಲಿ ಮಾಡ್ಯಾರ. ಬಣ್ಣ ಸೈತ ಹೊಸಾದು ಅದ ನೋಡ್ರಿ.'