ಟೇಬಲ್ ಕೆಳಗೆ ಬಚ್ಚಿಟ್ಟ ವೈರ್‌ಲೆಸ್ ಚಾರ್ಜರ್: ಒಂಬತ್ತು ತಿಂಗಳು ಬಳಸಿದ ಮೇಲೆ ನನ್ನ ರಿವ್ಯೂ

ಅಮ್ಮನಿಗೆ ಎರಡು ವರ್ಷದಿಂದ ಕೈಬೆರಳಿನ ಗಂಟು ನೋವು, ಸಂಜೆ ಆಯ್ತು ಅಂದ್ರೆ ಕಣ್ಣೂ ಸ್ವಲ್ಪ ಮಂಜು. ಫೋನಿಗೆ ಚಾರ್ಜರ್ ಪಿನ್ನು ಸಿಗಿಸೋದು ದಿನಾ ರಾತ್ರಿ ಅವರಿಗೆ ಒಂದು ಹೋರಾಟ. ಎಷ್ಟೋ ಸಲ ಪಿನ್ನು ಅರ್ಧ ಹೋಗಿರ್ತಿತ್ತು, ಬೆಳಗ್ಗೆ ನೋಡಿದ್ರೆ ಫೋನ್ ಸ್ವಿಚ್ ಆಫ್, ಭಾನುವಾರ ಅಣ್ಣ ಅಮೆರಿಕದಿಂದ ಕಾಲ್ ಮಾಡಿ ಸಿಗ್ಲಿಲ್ಲ ಅಂದ್ರೆ ಅವನು ಗಾಬರಿಯಾಗಿ ನಂಗೆ ಫೋನ್ ಮಾಡೋದು, ನಾನು ಆಫೀಸಿಂದ ಪಕ್ಕದ ಮನೆಯವರಿಗೆ ಮಾಡೋದು. ಅಮ್ಮನ ಫೋನು ಅಣ್ಣ ಕೊಟ್ಟ ಹಳೇ ಐಫೋನ್ 11, ಅದ್ರಲ್ಲಿ ವೈರ್‌ಲೆಸ್ ಚಾರ್ಜಿಂಗ್ ಇದೆ, ಅಂದ್ರೆ ಪಿನ್ನು ಸಿಗಿಸದೆ ಪ್ಯಾಡ್ ಮೇಲೆ ಇಟ್ರೆ ಸಾಕು, ಚಾರ್ಜ್ ಆಗತ್ತೆ. ಟೇಬಲ್ ಮೇಲೆ ಇಡೋ ಅಂಥ ಪ್ಯಾಡ್ ಒಂದು ತಂದುಕೊಟ್ಟೆ, ಆದ್ರೆ ಅದು ಟೇಬಲ್ ಮೇಲೆ ಜಾರತ್ತೆ, ಒರೆಸೋವಾಗ ಎತ್ತಿಡ್ತಾರೆ, ವೈರ್ ಕಾಲಿಗೆ ಸಿಕ್ಕತ್ತೆ. ಆಗ ಅನ್ನಿಸಿದ್ದು, ಟೇಬಲ್ ಒಳಗೇ ಕೂರಿಸಿಬಿಟ್ರೆ ಹೇಗೆ ಅಂತ.

ಮೊದಲನೇ ಪ್ರಯತ್ನ ಪೂರ್ತಿ ವೇಸ್ಟ್ ಆಯ್ತು, ಅದನ್ನ ಮೊದಲೇ ಹೇಳ್ತೀನಿ ಯಾಕಂದ್ರೆ ತುಂಬಾ ಜನ ಇದನ್ನೇ ಮಾಡ್ತಾರೆ. ಅದೇ ಮೇಲಿಡೋ ಪ್ಯಾಡನ್ನ ಪ್ಲೈವುಡ್ ಸೈಡ್ ಟೇಬಲ್ ಕೆಳಗೆ ಡಬಲ್ ಸೈಡ್ ಟೇಪಲ್ಲಿ ಅಂಟಿಸಿದೆ. 18 ಎಂಎಂ ಪ್ಲೈ, ಮೇಲೆ 1 ಎಂಎಂ ಮೈಕಾ, ಫೋನಿನ ಕವರ್ 2 ಎಂಎಂ. ಫೋನ್ ಕಮಕ್ ಕಿಮಕ್ ಅನ್ನಲಿಲ್ಲ. ಚಾರ್ಜರ್ ಕೆಟ್ಟಿದೆ ಅಂದ್ಕೊಂಡು ಬಿಚ್ಚಿ ನೋಡಿದ್ರೆ ಕೈಯಲ್ಲಿ ಹಿಡ್ಕೊಂಡಾಗ ಚೆನ್ನಾಗೇ ಕೆಲಸ ಮಾಡ್ತಿದೆ.

ವಿಷಯ ಏನಂದ್ರೆ, ಈ ವೈರ್‌ಲೆಸ್ ಚಾರ್ಜಿಂಗು ನಮ್ಮ ಅಡುಗೆಮನೆಯ ಇಂಡಕ್ಷನ್ ಸ್ಟವ್ ಇದ್ದಹಾಗೆ. ಪ್ಯಾಡ್ ಒಳಗೆ ತಾಮ್ರದ ತಂತಿಯ ಒಂದು ಸುರುಳಿ, ಫೋನಿನ ಬೆನ್ನಲ್ಲಿ ಇನ್ನೊಂದು ಸುರುಳಿ. ಕೆಳಗಿನ ಸುರುಳೀಲಿ ಕರೆಂಟು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಓಡಾಡತ್ತೆ, ಅದ್ರಿಂದ ಹುಟ್ಟೋ ಅಯಸ್ಕಾಂತದ ಬಲ ಮೇಲಿನ ಸುರುಳೀಲಿ ಮತ್ತೆ ಕರೆಂಟು ಹುಟ್ಟಿಸತ್ತೆ. ಮರ, ಪ್ಲೈ, ಪ್ಲಾಸ್ಟಿಕ್ಕು, ಇವು ಆ ಬಲವನ್ನ ತಡೆಯಲ್ಲ, ಹಾಗಾಗಿ ಮರದ ಮೂಲಕ ಹೋಗತ್ತೆ. ಆದ್ರೆ ಎರಡು ಸುರುಳಿ ದೂರ ಆದಷ್ಟೂ ಬಲ ಬೇಗ ಕಮ್ಮಿಯಾಗತ್ತೆ. ಇದಕ್ಕೆ ಇರೋ ಸ್ಟ್ಯಾಂಡರ್ಡ್ ಹೆಸರು ಕ್ಯೂಐ ಅಂತ ಬರೆದು ಚೀ ಅಂತ ಓದೋದು, 2008ರಲ್ಲಿ ಶುರುವಾದ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಅನ್ನೋ ಕಂಪನಿಗಳ ಒಕ್ಕೂಟ ಇದನ್ನ ನೋಡ್ಕೊಳತ್ತೆ. ಮಾಮೂಲಿ ಚೀ ಪ್ಯಾಡುಗಳು ಕೆಲವೇ ಮಿಲಿಮೀಟರ್ ದೂರಕ್ಕೆ ಅಂತ ಮಾಡಿರೋದು. ಮರದ ಕೆಳಗೆ ಹಾಕೋಕೆ ದೊಡ್ಡ ಸುರುಳಿ ಇರೋ, ಲಾಂಗ್ ಡಿಸ್ಟೆನ್ಸ್ ಅಂತ ಮಾರೋ ಬೇರೆ ಪ್ಯಾಡೇ ಬೇಕು.

ಅಂಥದ್ದೊಂದು ಆನ್‌ಲೈನಲ್ಲಿ 2,350 ರೂಪಾಯಿಗೆ ತಗೊಂಡೆ. ಕಂಪನಿ ಹೆಸರು ಹೇಳಲ್ಲ, ಒಂದೇ ಪ್ಯಾಡು ನಾಲ್ಕು ಹೆಸರಲ್ಲಿ ಮಾರಾಟಕ್ಕಿರತ್ತೆ. ಡಬ್ಬಿ ಮೇಲೆ 30 ಎಂಎಂ ವರೆಗೂ ಕೆಲಸ ಮಾಡತ್ತೆ ಅಂತ ದಪ್ಪಕ್ಷರದಲ್ಲಿ ಇತ್ತು. ಫರ್ನಿಚರ್ ಕಂಪನಿ ಐಕಿಯಾದ ಇಂಥದ್ದೇ ಒಂದು ಮಾಡೆಲ್ಲಿಗೆ 8ರಿಂದ 22 ಎಂಎಂ ಅಂತ ಹಾಕಿರೋದನ್ನ ಓದಿದ್ದೆ, ಹಾಗಾಗಿ ಈ 30ರ ಬಗ್ಗೆ ಅನುಮಾನ ಇತ್ತು. ಈ ಸಲ ಮರಕ್ಕೆ ಕೈ ಹಾಕೋ ಮುಂಚೆ ಟೆಸ್ಟ್ ಮಾಡ್ದೆ. ಪ್ಲೈವುಡ್ ಅಂಗಡೀಲಿ 6 ಎಂಎಂ ಮತ್ತು 12 ಎಂಎಂ ತುಂಡುಗಳು ಕೇಳಿದ್ರೆ ಸುಮ್ನೆ ಕೊಡ್ತಾರೆ. ಪ್ಯಾಡನ್ನ ನೆಲದ ಮೇಲಿಟ್ಟು ಅದ್ರ ಮೇಲೆ ತುಂಡು ಜೋಡಿಸ್ತಾ ಹೋದೆ. 12ಕ್ಕೆ ಆರಾಮಾಗಿ ಹಿಡೀತು. 18ಕ್ಕೆ ಕವರ್ ಸಮೇತ ಹಿಡೀತು. 24ಕ್ಕೆ ಸರೀ ನಡುಮಧ್ಯ ಇಟ್ರೆ ಮಾತ್ರ, ಅದೂ ಐದು ನಿಮಿಷಕ್ಕೊಂದ್ಸಲ ಕಟ್ ಆಗ್ತಿತ್ತು. 30ಕ್ಕೆ ಸೊನ್ನೆ. ಹಾಗಾಗಿ ಡಬ್ಬಿ ಮೇಲಿನ ನಂಬರ್ ನಂಬಬೇಡಿ, ಅದ್ರಲ್ಲಿ ಮೂರನೇ ಎರಡು ಭಾಗ ಸಿಕ್ರೆ ಸಿಕ್ತು ಅಂತ ಇಟ್ಕೊಳಿ. ಇನ್ನೊಂದು, ತೀರಾ ಹತ್ರ ಆದ್ರೂ ಕಷ್ಟ. ಬರೀ 6 ಎಂಎಂ ಇಟ್ಟಾಗ ಫೋನು ಬೇಗ ಬಿಸಿಯಾಗಿ ಚಾರ್ಜಿಂಗ್ ನಿಲ್ಲಿಸಿಬಿಡ್ತು. ಐಕಿಯಾದವರು ಕಮ್ಮಿ ಅಂದ್ರೂ 8 ಎಂಎಂ ಇರಲೇಬೇಕು ಅಂತ ಯಾಕೆ ಹಾಕಿದಾರೆ ಅಂತ ಆಗ ಗೊತ್ತಾಯ್ತು.

ಈಗ ಅಮ್ಮನ ಟೇಬಲ್ಲು. ಅದು ಅಜ್ಜನ ಕಾಲದ್ದು, ಹಲಸಿನ ಮರ, ಹಲಗೆ 32 ಎಂಎಂ ದಪ್ಪ, ಅಂದ್ರೆ ಒಂದೂಕಾಲು ಇಂಚು. ಕೆಳಗಿಂದ ಕೊರೀದೆ ಬೇರೆ ದಾರಿ ಇಲ್ಲ. ನಮ್ಮ ಮನೆ ಕೆಲಸಗಳನ್ನೆಲ್ಲ ಮಾಡೋ ಆಚಾರ್ರನ್ನ ಕರೆಸಿದೆ. ಅವರು ಹಲಗೆ ಮೇಲೆ ಕೈಯಾಡಿಸಿ ನೋಡಿ "ಇಂಥ ಹಲಸು ಈಗ ಎಲ್ಲಿ ಸಿಗತ್ತೆ ಸಾರ್, ಇದಕ್ಕೆ ಯಾಕೆ ತೂತು ಹಾಕ್ಸ್ತೀರಾ" ಅಂದ್ರು. ಅಮ್ಮನ ಬೆರಳಿನ ವಿಷಯ ಹೇಳಿದ ಮೇಲೆ ಏನೂ ಮಾತಾಡ್ಲಿಲ್ಲ, ಟೇಬಲ್ಲನ್ನ ಕಂಬಳಿ ಹಾಸಿ ಮಗುಚಿದ್ರು.

ಅವರು ಕೆಲಸ ಮಾಡಿದ ರೀತಿ ನೋಡೋಕೇ ಚೆನ್ನಾಗಿತ್ತು. ಪ್ಯಾಡು 90 ಎಂಎಂ ಅಗಲ, 20 ಎಂಎಂ ದಪ್ಪ. ಕಂಪಾಸಲ್ಲಿ 100 ಎಂಎಂ ವೃತ್ತ ಎಳೆದ್ರು. ಮರ ಕೊರೆಯೋ ರೂಟರ್ ಮಷೀನಿಗೆ 18 ಎಂಎಂ ಆಳದ ಸ್ಟಾಪ್ ಇಟ್ಟು, ಒಂದೇ ಸಲಕ್ಕೆ ಇಳಿಸದೆ ಮೂರು ಮೂರು ಎಂಎಂ ತೆಗೀತಾ ಹೋದ್ರು, ಪ್ರತೀ ಸಲ ಊದಿ ಸ್ಕೇಲ್ ಇಟ್ಟು ಅಳತೆ. ಟೇಬಲ್ ಅಡಿಭಾಗ ಅರವತ್ತು ವರ್ಷದಲ್ಲಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಮಷೀನ್ ತಾಗಿದ ತಕ್ಷಣ ಒಳಗಿಂದ ಅರಿಶಿನದಂಥ ಹಳದಿ ಪುಡಿ ಉದುರೋಕೆ ಶುರುವಾಯ್ತು. ಹಲಸು ಹೊರಗೆ ಎಷ್ಟೇ ಕಪ್ಪಾದ್ರೂ ಒಳಗೆ ಹಳದಿ ಹಾಗೇ ಉಳ್ಕೊಂಡಿರತ್ತೆ. ಅಮ್ಮ ಬಾಗಿಲಲ್ಲಿ ನಿಂತು "ನಮ್ಮಪ್ಪ ತೋಟದ ಮರ ಕಡಿಸಿದಾಗ ಇದೇ ಬಣ್ಣ ಇತ್ತು ಕಣೋ" ಅಂದ್ರು. ಕೊನೇಲಿ 14 ಎಂಎಂ ಮರ ಮೇಲುಗಡೆ ಉಳೀತು. ಅಂಚುಗಳನ್ನ ಉಳಿಯಲ್ಲಿ ಸಮ ಮಾಡಿದ್ರು, ವೈರ್ ಹೋಗೋಕೆ ಹಿಂದಿನ ಕಾಲಿನ ತನಕ ಒಂದು ಸಣ್ಣ ಕಾಲುವೆ ತೆಗೆದ್ರು. ನಿಮ್ಮಲ್ಲಿ ಯಾರಾದ್ರೂ ಡ್ರಿಲ್ಲಿಗೆ ಅಗಲದ ಬಿಟ್ ಹಾಕಿ ಇದನ್ನ ಮಾಡೋದಾದ್ರೆ, ಆ ಬಿಟ್ಟಿನ ನಡುವೆ ಇರೋ ಮೊಳೆಯಂಥ ಚೂಪು ಮುಂದಕ್ಕೆ ಚಾಚಿರತ್ತೆ, ಆಳದ ಲೆಕ್ಕದಲ್ಲಿ ಅದನ್ನೂ ಸೇರಿಸ್ಕೊಳಿ, ಇಲ್ಲಾಂದ್ರೆ ಟೇಬಲ್ ಮೇಲ್ಗಡೆ ತೂತು ಬೀಳತ್ತೆ.

ಆಮೇಲೆ ಗುರುತಿನ ಪ್ರಶ್ನೆ. ಚಾರ್ಜರ್ ಕಾಣಲ್ಲ, ಫೋನ್ ಎಲ್ಲಿಡಬೇಕು ಅಂತ ಹೇಗೆ ಗೊತ್ತಾಗಬೇಕು? ಡಬ್ಬೀಲಿ ಒಂದು ಪ್ಲಾಸ್ಟಿಕ್ ಸ್ಟಿಕ್ಕರ್ ಕೊಟ್ಟಿರ್ತಾರೆ, ಅಜ್ಜನ ಟೇಬಲ್ ಮೇಲೆ ಅದನ್ನ ಅಂಟಿಸೋಕೆ ಮನಸ್ಸು ಬರ್ಲಿಲ್ಲ. ಆಚಾರ್ರು ಹಿತ್ತಾಳೆ ಹೂವು ಒಂದು ಕೂರಿಸ್ತೀನಿ ಅಂದ್ರು, ನೋಡೋಕೆ ಚೆನ್ನಾಗಿರ್ತಿತ್ತು ಆದ್ರೆ ಲೋಹ ಬರಲೇಬಾರದು, ಪ್ಯಾಡಿನ ಬಲ ಮೊದಲು ಆ ಹಿತ್ತಾಳೆಯನ್ನೇ ಬಿಸಿ ಮಾಡತ್ತೆ. ಮೈಸೂರಿನವರಿಗೆ ಮರದೊಳಗೆ ಮರ ಕೂರಿಸೋ ಇನ್ಲೇ ಕೆಲಸ ಹೊಸದಲ್ಲವಲ್ಲ, ಬೀಟೆ ಮರದ ಒಂದು ಸಣ್ಣ ಬಿಲ್ಲೆ, ಎಂಟಾಣೆಗಿಂತ ಚಿಕ್ಕದು, ಸರೀ ನಡುಮಧ್ಯ ಕೂರಿಸಿ, ಕೂದಲೆಳೆಯಷ್ಟು ಮೇಲಕ್ಕೆ ಬಿಟ್ಟು ಪಾಲಿಷ್ ಮಾಡಿದ್ರು. ಅದೇ ದೊಡ್ಡ ಉಪಕಾರ ಆಯ್ತು. ಅಮ್ಮ ರಾತ್ರಿ ಲೈಟ್ ಹಾಕದೇನೇ ಹಲಗೆ ಮೇಲೆ ಬೆರಳು ಸವರಿ ಆ ಬಿಲ್ಲೆ ಹುಡುಕ್ತಾರೆ, ಅದ್ರ ಮೇಲೆ ಫೋನಿನ ನಡುಭಾಗ ಇಡ್ತಾರೆ, ಟಿಂಗ್ ಅಂತ ಸದ್ದು ಬಂದ್ರೆ ಮುಗೀತು. ಆಚಾರ್ರು ಕೂಲಿ ಅಂತ 900 ಕೇಳಿದ್ರು, 1,200 ಕೊಟ್ಟೆ.

ಅಡಾಪ್ಟರ್ ವಿಷಯದಲ್ಲಿ ನಾನು ಒಂದು ವಾರ ಒದ್ದಾಡಿದೀನಿ. ಮನೇಲಿ ಬಿದ್ದಿದ್ದ ಹಳೇ 10 ವಾಟಿಂದು ಹಾಕಿದ್ದೆ, ಚಾರ್ಜ್ ಶುರು ಆಗೋದು ನಿಲ್ಲೋದು, ಶುರು ಆಗೋದು ನಿಲ್ಲೋದು. ಮರದ ದಪ್ಪದ್ದೇ ತೊಂದರೆ ಅಂದ್ಕೊಂಡಿದ್ದೆ. ಈ ಪ್ಯಾಡುಗಳಿಗೆ 9 ವೋಲ್ಟ್ ಕೊಡೋ ಫಾಸ್ಟ್ ಚಾರ್ಜಿಂಗ್ ಅಡಾಪ್ಟರ್ ಬೇಕು, 18 ವಾಟ್ ಅಥವಾ ಅದಕ್ಕೂ ಮೇಲಿಂದು, ಮತ್ತೆ ಅದು ಡಬ್ಬೀಲಿ ಬರಲ್ಲ. ಬದಲಾಯಿಸಿದ ದಿನಾನೇ ಸರಿಹೋಯ್ತು.

ಸ್ಪೀಡ್ ಬಗ್ಗೆ ಆಸೆ ಇಟ್ಕೋಬೇಡಿ. ಅಮ್ಮನ ಐಫೋನು 20ರಿಂದ 80 ಪರ್ಸೆಂಟ್ ಆಗೋಕೆ ಎರಡು ಗಂಟೆ ಮೇಲೇ ಬೇಕು, ವೈರಲ್ಲಾದ್ರೆ ಮುಕ್ಕಾಲು ಗಂಟೇಲಿ ಆಗತ್ತೆ. ಕರೆಂಟೂ ಒಂದಷ್ಟು ದಾರೀಲಿ ಬಿಸಿಯಾಗಿ ಹೋಗತ್ತೆ, ಮರ ದಪ್ಪ ಆದಷ್ಟೂ ಜಾಸ್ತಿ ಹೋಗತ್ತೆ. ರಾತ್ರಿ ಇಟ್ಟು ಬೆಳಗ್ಗೆ ತಗೊಳೋರಿಗೆ ಇದು ಲೆಕ್ಕಕ್ಕಿಲ್ಲ. ಆದ್ರೆ ಏಪ್ರಿಲ್ ಮೇ ಸೆಖೇಲಿ ಎರಡು ಮೂರು ಸಲ, ಫೋನ್ ಬಿಸಿಯಾಗಿದೆ, ತಣ್ಣಗಾದ ಮೇಲೆ ಚಾರ್ಜ್ ಮುಂದುವರಿಯತ್ತೆ ಅಂತ ಮೆಸೇಜ್ ಬಂತು. ಫ್ಯಾನ್ ಹಾಕಿದ್ರೆ ಸರಿಹೋಗ್ತಿತ್ತು.

ಈ ಪ್ಯಾಡಿನ ನಿಜವಾದ ಹುಳುಕು ಅಂದ್ರೆ ಕೂರಿಸೋಕೆ ಕೊಡೋ ಟೇಪು. ಎರಡು ತಿಂಗಳಿಗೆ ಬಿಸಿಗೆ ಅಂಟು ಬಿಟ್ಕೊಂಡು ಪ್ಯಾಡು ಒಂದು ಕಡೆ ಜೋತುಬಿತ್ತು, ಮೇಲಿಂದ ಏನೂ ಗೊತ್ತಾಗಲ್ಲ, ಚಾರ್ಜ್ ಮಾತ್ರ ಆಗ್ತಿಲ್ಲ, ಅಮ್ಮ ಮತ್ತೆ ಫೋನ್ ಸ್ವಿಚ್ ಆಫ್ ಆಗೋ ಹಳೇ ಚಿಂತೆಗೆ ಬಿದ್ರು. ನಂಗೆ ಬೇಜಾರಾಗಿದ್ದು ಅದಕ್ಕೇ. ಆಚಾರ್ರು ಬಂದು ತೆಳು ಮರದ ಎರಡು ಪಟ್ಟಿ ಅಡ್ಡ ಕೊಟ್ಟು, ಸ್ಕ್ರೂಗಳನ್ನ ಗುಂಡಿಯಿಂದ ಆಚೆ ಪೂರ್ತಿ ದಪ್ಪ ಇರೋ ಜಾಗದಲ್ಲಿ ಹೊಡೆದ್ರು. ಅವತ್ತಿಂದ ಅಲ್ಲಾಡಿಲ್ಲ. ಟೇಪನ್ನ ಮೊದಲ ದಿನದಿಂದಲೇ ನಂಬಬೇಡಿ.

ಮನೇಲಿ ಎಲ್ಲರಿಗೂ ಹೇಳಿಕೊಟ್ಟಿರೋದು ಒಂದೇ, ಆ ಬಿಲ್ಲೆ ಮೇಲೆ ಫೋನ್ ಬಿಟ್ಟು ಬೇರೇನೂ ಇಡಬಾರದು. ಕೀ ಗೊಂಚಲು, ಚಿಲ್ಲರೆ, ಕಾಫಿ ಲೋಟ, ಏನೂ. ಒಳ್ಳೆ ಪ್ಯಾಡುಗಳು ಲೋಹ ಇದ್ರೆ ಗುರುತು ಹಿಡಿದು ನಿಂತುಬಿಡತ್ತೆ, ಆದ್ರೆ ಇಷ್ಟು ಮರದ ಮೂಲಕ ಅದು ಎಷ್ಟು ಸರಿಯಾಗಿ ಹಿಡಿಯತ್ತೆ ಅನ್ನೋದರ ಮೇಲೆ ನಾನು ಭಾರ ಹಾಕಲ್ಲ. ಫೋನ್ ಕವರ್ ಒಳಗೆ ಎಟಿಎಂ ಕಾರ್ಡ್, ಮೆಟ್ರೋ ಕಾರ್ಡ್ ಇಡೋ ಅಭ್ಯಾಸ ಇದ್ರೆ ತೆಗೀಬೇಕು, ಕಾರ್ಡಿನ ಚಿಪ್ ಹಾಳಾಗಬಹುದು. ಕಾರ್ ಹೋಲ್ಡರಿಗೆ ಅಂತ ಕವರಿಗೆ ಅಂಟಿಸಿರೋ ಕಬ್ಬಿಣದ ಬಿಲ್ಲೆ ಇದ್ರೂ ಆಗಲ್ಲ. ಮನೇಲಿ ಪೇಸ್‌ಮೇಕರ್ ಹಾಕಿಸ್ಕೊಂಡವರಿದ್ರೆ ಅವರು ಎದೆ ಒರಗಿಸಿ ಕೂರೋ ಟೇಬಲ್ಲಿಗೆ ಇದನ್ನ ಹಾಕಿಸಲೇಬೇಡಿ, ವೈರ್‌ಲೆಸ್ ಚಾರ್ಜ್ ಆಗೋವಾಗ 30 ಸೆಂಟಿಮೀಟರಿಗಿಂತ ಜಾಸ್ತಿ ದೂರ ಇರಬೇಕು ಅಂತ ಆ್ಯಪಲ್ ಕಂಪನಿಯೇ ಹೇಳತ್ತೆ, ಮತ್ತೆ ಡಾಕ್ಟರನ್ನ ಕೇಳಿ. ನಮ್ಮ ದೊಡ್ಡಪ್ಪನಿಗೆ ಪೇಸ್‌ಮೇಕರ್ ಇದೆ, ಅವರು ಬಂದಾಗ ನಾವು ಪ್ಲಗ್ಗೇ ತೆಗೀತೀವಿ.

ಖುಷಿಯಲ್ಲಿ ಎರಡನೇ ಪ್ಯಾಡ್ ತಂದು ನಮ್ಮ ಮಂಚದ ಪಕ್ಕದ ಪ್ಲೈ ಟೇಬಲ್ಲಿಗೂ ಹಾಕಿಸಿದ್ದೆ, ಅದನ್ನ ಒಂದು ತಿಂಗಳಲ್ಲಿ ತೆಗೆಸಿದೆ. ಕೆಳಗಡೆ ಇರೋ ನೀಲಿ ಲೈಟು ಕತ್ತಲಲ್ಲಿ ಟೈಲ್ಸ್ ಮೇಲೆ ಬಿದ್ದು ಇಡೀ ರೂಮಿಗೆ ಹರಡತ್ತೆ, ಅದಕ್ಕೆ ಕಪ್ಪು ಟೇಪ್ ಹಾಕಿದ್ರಾಯ್ತು ಸರಿ, ಆದ್ರೆ ಚಾರ್ಜ್ ಆಗೋವಾಗ ಸೊಳ್ಳೆ ಗುಂಯ್ ಅನ್ನೋಥರ ಒಂದು ಸಣ್ಣ ಸದ್ದು, ತಲೆಯಿಂದ ಒಂದಡಿ ದೂರದಲ್ಲಿ. ಅಮ್ಮನ ಟೇಬಲ್ ಮಂಚದಿಂದ ದೂರ ಇರೋದ್ರಿಂದ ಅವರಿಗೆ ಕೇಳಿಸಲ್ಲ. ಹೆಂಡತಿ ಫೋನಲ್ಲಿ ವೈರ್‌ಲೆಸ್ಸೇ ಇಲ್ಲ, ಹದಿನೈದು ಇಪ್ಪತ್ತು ಸಾವಿರದ ಫೋನುಗಳಲ್ಲಿ ಸಾಮಾನ್ಯವಾಗಿ ಇರಲ್ಲ, ಮೊದಲು ನಿಮ್ಮ ಫೋನಲ್ಲಿ ಇದೆಯಾ ನೋಡ್ಕೊಳಿ. ಹೊಸ ಐಫೋನಲ್ಲಿ, 2023ರಲ್ಲಿ ಬಂದ ಚೀ 2 ಅನ್ನೋ ಹೊಸ ಸ್ಟ್ಯಾಂಡರ್ಡಿನ ಫೋನುಗಳಲ್ಲಿ ಅಯಸ್ಕಾಂತದ ಉಂಗುರ ಇದ್ದು ಪ್ಯಾಡಿಗೆ ತಾನೇ ಬಂದು ಕಚ್ಕೊಳತ್ತಲ್ಲ, ಅರ್ಧ ಇಂಚು ಮರ ಅಡ್ಡ ಇದ್ರೆ ಆ ಹಿಡಿತ ಸಿಗಲ್ಲ, ಕೈಯಲ್ಲೇ ಸರಿಯಾಗಿ ಇಡಬೇಕು.

ಸ್ಟಾರ್ ಕೊಡೋದಾದ್ರೆ ಪ್ಯಾಡಿಗೆ ಮೂರು, ಆಚಾರ್ರ ಕೆಲಸಕ್ಕೆ ಐದಕ್ಕೆ ಐದು. ಪ್ಯಾಡಿಗೆ ಆರು ತಿಂಗಳದ್ದೇ ವಾರಂಟಿ, ಅದು ಆಗಲೇ ಮುಗಿದಿದೆ. ಅದಕ್ಕೇ ಗುಂಡಿ 10 ಎಂಎಂ ದೊಡ್ಡದಾಗಿ ತೆಗೆಸಿದ್ದು, ಒಂದು ಗಾಳಿ ಆಡೋಕೆ, ಇನ್ನೊಂದು ನಾಳೆ ಇದು ಕೆಟ್ರೆ ಪಟ್ಟಿಯ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕಂಪನಿದು ಕೂರಿಸಬಹುದು, ಟೇಬಲ್ಲಿಗೆ ಮತ್ತೆ ಮಷೀನ್ ಹಾಕಬೇಕಾಗಿಲ್ಲ.